ಸರಳೆ ವರಸೆಗೆ ಕೀಬೋರ್ಡ್ ಯಾಕೆ ಹೊಂದುತ್ತಿಲ್ಲ?

ಮಗಳು ಹಾಡುವ ಸರಳೆ ವರಸೆಗೆ (ಕರ್ನಾಟಕ ಸಂಗೀತದ ಮೊದಲ ಸ್ವರಪಾಠ) ನಿಮ್ಮ ಕೀಬೋರ್ಡ್ ಹೊಂದುತ್ತಿಲ್ಲ ಎಂದು ಕೇಳಿದ್ದೀರಿ. ಬಸವನಗುಡಿಯ ಪಾಠದಲ್ಲಿ ಅವಳ ಶ್ರುತಿ (ಆಧಾರ ಸ್ವರದ ಎತ್ತರ) ಐದೂವರೆ ಮನೆ, ಮನೆಯಲ್ಲಿ ನೀವು ನುಡಿಸುವುದು ‘ಸಿ’ಯಿಂದ ಬರೀ ಬಿಳಿ ಮನೆಗಳು (ಕೀಲಿಗಳು) ಎಂದಿದ್ದೀರಿ. ತೊಂದರೆ ಅಲ್ಲೇ ಇರಬೇಕು, ಅದೂ ಎರಡು. ಶ್ರುತಿ ಬೇರೆ, ಜೊತೆಗೆ ಬಿಳಿ ಮನೆಗಳಲ್ಲಿ ಬರುವುದು ಶಂಕರಾಭರಣ ರಾಗ, ಸರಳೆ ಕಲಿಸುವುದು ಮಾಯಾಮಾಳವಗೌಳ ರಾಗದಲ್ಲಿ.

ಮೊದಲು ಕೀಬೋರ್ಡಿನ ಟ್ರಾನ್ಸ್‌ಪೋಸ್ (ಎಲ್ಲ ಸ್ವರಗಳನ್ನೂ ಒಟ್ಟಿಗೆ ಏರಿಳಿಸುವ ಸೌಲಭ್ಯ) ಅನ್ನು ಮೈನಸ್ 4ಕ್ಕೆ ಇಳಿಸಿ. ಈಗ ‘ಸಿ’ ಒತ್ತಿದರೆ ‘ಜಿ ಶಾರ್ಪ್’, ಅಂದರೆ ಐದೂವರೆ ಮನೆ, ಕೇಳುತ್ತದೆ. ಶ್ರುತಿಪೆಟ್ಟಿಗೆ ಹಾಕಿಕೊಂಡು ಷಡ್ಜ (ಸ) ಒತ್ತಿ ನೋಡಿ. ಎರಡೂ ಬೆರೆಯದೆ ಅಲೆಅಲೆಯಾಗಿ ಕೇಳಿದರೆ ಪೆಟ್ಟಿಗೆಯೇ ಕೊಂಚ ಏರಿಳಿದಿರಬಹುದು. ಕೀಬೋರ್ಡಿನ ಟ್ಯೂನಿಂಗ್ ಅನ್ನು ಅದಕ್ಕೆ ಸರಿಹೊಂದಿಸಿ.

ಆಮೇಲೆ ಸ್ವರಗಳಿಗೆ ಒತ್ತಬೇಕಾದ ಮನೆಗಳು: ಸ – ಸಿ, ರಿ – ಸಿ ಶಾರ್ಪ್, ಗ – ಇ, ಮ – ಎಫ್, ಪ – ಜಿ, ದ – ಜಿ ಶಾರ್ಪ್, ನಿ – ಬಿ. ರಿ ಮತ್ತು ದ ಮಾತ್ರ ಕಪ್ಪು ಮನೆ. ಇದಕ್ಕಾಗಿ ಬಳೇಪೇಟೆಯ ವಾದ್ಯದಂಗಡಿಗೆ ಹೋಗಿ ಹೊಸ ಕೀಬೋರ್ಡ್ ಕೊಳ್ಳುವ ಅಗತ್ಯವಿಲ್ಲ.

ಗಮಕ (ಸ್ವರವನ್ನು ಅಲುಗಿಸುವ, ಜಾರಿಸುವ ಕ್ರಮ) ಮಾತ್ರ ಸಾಮಾನ್ಯ ಕೀಬೋರ್ಡಿನಲ್ಲಿ ಸರಿಯಾಗಿ ಬಾರದು. ಆದ್ದರಿಂದ ಸ್ವರಸ್ಥಾನ ಗುರುತಿಸಲಷ್ಟೇ ನುಡಿಸಿ. ಹಾಡುವಾಗ ಶ್ರುತಿಪೆಟ್ಟಿಗೆ ಒಂದೇ ಇರಲಿ.