ಓದುಗರ ಪ್ರಶ್ನೆ: ನಮ್ಮೂರ ಶಾಲೆ ಅಷ್ಟು ಕೆಟ್ಟದ್ದೇ?

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನ ಗಡಿ ಹಳ್ಳಿ ನಮ್ಮದು. ಸರ್ಕಾರಿ ಪ್ರೌಢಶಾಲೆಯ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇದ್ದೇನೆ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗವೇ ರಾಜ್ಯಕ್ಕೆ ಮೊದಲು ಅಂತ ಕುಣಿದಿದ್ದೆವು. ಈಗ ಪೇಟೆಯ ಖಾಸಗಿ ಶಾಲೆಯ ಫಲಿತಾಂಶದ ಫ್ಲೆಕ್ಸ್ ನೋಡಿ ಊರವರು ಮಕ್ಕಳನ್ನು ವ್ಯಾನು ಹತ್ತಿಸುತ್ತಿದ್ದಾರೆ. ನಮ್ಮ ಶಾಲೆ ಅಷ್ಟು ಕೆಟ್ಟದ್ದೇ ಸಾರ್?

ಉತ್ತರ: ಆ ಫ್ಲೆಕ್ಸ್ ಹಾಕಿದವರನ್ನು ಕೇಳಿ ನೋಡಿ, ಎಂಟನೇ ಕ್ಲಾಸಿಗೆ ಸೇರಿಸಿಕೊಳ್ಳುವಾಗ ಯಾರನ್ನು ವಾಪಸ್ ಕಳಿಸಿದಿರಿ ಅಂತ. ನಿಮ್ಮ ಶಾಲೆ ಯಾರನ್ನೂ ಕಳಿಸುವಂತಿಲ್ಲ.

2023ರಲ್ಲಿ ಜಿಲ್ಲೆಗೆ ಬಂದದ್ದು ಶೇ 96.80. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು, ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರೂ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಕುಸಿಯಿತು, ಮೊದಲ ಸ್ಥಾನ ಉಡುಪಿಗೆ ಹೋಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗುತ್ತಾರೆಯೇ? ಈ ರ‍್ಯಾಂಕು ನಂಬಿ ಕುಣಿಯುವುದೂ ಬೇಡ, ಕೊರಗುವುದೂ ಬೇಡ.

ನಾನು ಗಡಿ ಭಾಗದಲ್ಲೇ ಗಣಿತದ ಮೇಷ್ಟ್ರಾಗಿದ್ದವನು. ಮನೆಯಲ್ಲಿ ತೆಲುಗು ಆಡುವ ಹುಡುಗ ಶೇಂಗಾ ಮಂಡಿಯಲ್ಲಿ ಅಪ್ಪನ ಪಕ್ಕ ನಿಂತು ಚೀಲದ ತೂಕ, ಕ್ವಿಂಟಲ್ ದರ, ಹಮಾಲಿ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕಿ ವ್ಯಾಪಾರಿಯನ್ನೇ ತಡೆಯುತ್ತಾನೆ. ಅವನೇ ಪರೀಕ್ಷೆಯಲ್ಲಿ ‘ಎರಡಂಕಿಯ ಸಂಖ್ಯೆಯೊಂದರ ಅಂಕಿಗಳ ಮೊತ್ತ 9 ಆಗಿದ್ದು, ಅಂಕಿಗಳನ್ನು ಅದಲುಬದಲು ಮಾಡಿದಾಗ...’ ಅಂತ ಓದುತ್ತಲೇ ಪೆನ್ನು ಕೆಳಗಿಡುತ್ತಾನೆ. ಆ ವಾಕ್ಯವನ್ನು ತುಂಡು ತುಂಡು ಮಾಡಿ ಹೇಳಿಕೊಡಲು ಜೂನ್‌ನಿಂದಲೇ ಮೇಷ್ಟ್ರು ಬೇಕು. ಹುದ್ದೆ ಖಾಲಿಯಿದ್ದ ಕಡೆ ಅತಿಥಿ ಶಿಕ್ಷಕರು ಬಂದು ಪಾಠ ಹಿಡಿಯುವಷ್ಟರಲ್ಲಿ ಶೇಂಗಾ ಕೀಳುವ ಕಾಲ ಬಂದು ಅರ್ಧ ಬೆಂಚು ಖಾಲಿ! ಪೇಟೆಯ ಶಾಲೆಗೆ ಈ ತಾಪತ್ರಯವೇ ಇಲ್ಲ. ಎರಡೂ ಶಾಲೆಗಳನ್ನು ಒಂದೇ ಪಟ್ಟಿಯಲ್ಲಿ ಕೂರಿಸಿ ಎ, ಬಿ, ಸಿ ಅಂತ ಗ್ರೇಡು ಕೊಡುವುದು ನನಗಂತೂ ಒಪ್ಪಿಗೆಯಿಲ್ಲ.

ಹಾಗಂತ ನಿಮ್ಮ ಶಾಲೆಗೆ ಸರ್ಟಿಫಿಕೇಟ್ ಕೊಡುತ್ತಿಲ್ಲ. ಮುಂದಿನ ಸಭೆಯಲ್ಲಿ ಎರಡು ವರ್ಷದ ಹಿಂದಿನ ಎಂಟನೇ ತರಗತಿಯ ಹಾಜರಿ ಪುಸ್ತಕ ತರಿಸಿ, ಈ ಸಲ ಪರೀಕ್ಷೆಗೆ ಕೂತವರ ಪಟ್ಟಿಯ ಪಕ್ಕ ಇಟ್ಟು ಹೆಸರು ಹೆಸರೇ ಓದಿಸಿ. ನಡುವೆ ಬಿಟ್ಟುಹೋದವರು ಯಾವ ಶೇಕಡಾವಾರಿನಲ್ಲೂ ಸಿಗುವುದಿಲ್ಲ. ಟಿ.ಸಿ. ಒಯ್ದು ಬೇರೆ ಕಡೆ ಸೇರಿದ್ದರೆ ಸರಿ. ಇಲ್ಲದಿದ್ದರೆ ಮನೆತನಕ ಹೋಗಿ. ಹುಡುಗಿಗೆ ಮದುವೆ ಮಾಡುವ ಮಾತು ಕಿವಿಗೆ ಬಿದ್ದರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಫೇಲಾದವರಿಗೆ ಆ ಬೇಸಿಗೆಯಲ್ಲೇ ಮತ್ತೊಂದು ಅವಕಾಶವಾಗಿ ಪರೀಕ್ಷೆ-2 ಇರುತ್ತದೆ, ಅರ್ಜಿ ಹಾಕಿಸುವಂತೆ ಹೆಡ್‌ಮಾಸ್ಟರ ಬೆನ್ನು ಹತ್ತಿ.