ನೆಗಡಿ ಬಂದ ಮೇಲೆ ವಿಟಮಿನ್ ಸಿ ನುಂಗಿದರೆ ಆಗುತ್ತಾ?

ಪ್ರಶ್ನೆ: ಮೂಗು ಸೋರಲು ಶುರುವಾದ ಕೂಡಲೇ ದಿನಕ್ಕೆ ಎರಡು ಸಲ 1000 ಮಿಲಿಗ್ರಾಂನ ವಿಟಮಿನ್ ಸಿ ಮಾತ್ರೆ ನುಂಗುತ್ತೇನೆ. ಆದರೂ ನೆಗಡಿ ಒಂದು ವಾರ ಬಿಡುವುದಿಲ್ಲ. ಇದರಿಂದ ರೋಗನಿರೋಧಕ ಶಕ್ತಿ ಹೆಚ್ಚುತ್ತೆ ಅನ್ನುವುದು ನಿಜವಾ, ಸುಮ್ನೆ ಹೇಳ್ತಾರಾ?

ಉತ್ತರ: ಸುಮ್ನೆ ಹೇಳುವುದಲ್ಲ. ಆದರೆ ನೀವು ನುಂಗುವ ಹೊತ್ತೂ ತಪ್ಪು, ಲೆಕ್ಕವೂ ತಪ್ಪು.

ಸೋಂಕು ತಗುಲಿದ ಜಾಗಕ್ಕೆ ಮೊದಲು ಓಡುವವರ ಪೈಕಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳೂ ಇವೆ. ಸುತ್ತಲಿನ ರಕ್ತದ್ರವದಲ್ಲಿ ಇರುವುದಕ್ಕಿಂತ 50ರಿಂದ 100 ಪಟ್ಟು ಜಾಸ್ತಿ ವಿಟಮಿನ್ ಸಿ ಇವುಗಳ ಹೊಟ್ಟೆಯಲ್ಲಿರುತ್ತದೆ. ಯಾಕಪ್ಪಾ ಅಷ್ಟೊಂದು? ಈ ಕಣ ಒಂದು ಬ್ಯಾಕ್ಟೀರಿಯಾವನ್ನು ನುಂಗಿತು ಅನ್ನಿ, ಅದನ್ನು ಕೊಲ್ಲಲು ತನ್ನೊಳಗೇ ಹೈಡ್ರೋಜನ್ ಪೆರಾಕ್ಸೈಡ್, ಬ್ಲೀಚಿನಲ್ಲಿ ಇರುವಂಥದ್ದೇ ರಾಸಾಯನಿಕ, ಎಲ್ಲ ತಯಾರಿಸುತ್ತದೆ. ಆ ಉರಿಯಲ್ಲಿ ಕಣವೇ ಸುಟ್ಟುಹೋಗಬಾರದಲ್ವಾ? ವಿಟಮಿನ್ ಸಿ ಅಡ್ಡ ನಿಂತು ತಾನು ಖರ್ಚಾಗುತ್ತದೆ. ಕೆಲಸ ಮುಗಿಸಿದ ಕಣ ಒಡೆದು ಸುತ್ತಲೂ ರಾಡಿ ಮಾಡದೆ ಅಚ್ಚುಕಟ್ಟಾಗಿ ಸಾಯುವುದಕ್ಕೂ, ಅದನ್ನು ಮ್ಯಾಕ್ರೋಫೇಜ್ ಅನ್ನುವ ಕಸ ಗುಡಿಸುವ ಕಣಗಳು ನುಂಗಿ ಜಾಗ ಚೊಕ್ಕ ಮಾಡುವುದಕ್ಕೂ ಇದು ಬೇಕು ಅಂತ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಚರ್ಮ ಗಟ್ಟಿಯಾಗಿರಲು ಬೇಕಾದ ಕೊಲಾಜೆನ್ ಕೂಡ ಇದಿಲ್ಲದೆ ಸರಿಯಾಗಿ ಆಗುವುದಿಲ್ಲ.

ಈಗ ಲೆಕ್ಕ. ಈ ಕಣಗಳು ತುಂಬಿಕೊಳ್ಳಲು ದಿನಕ್ಕೆ ಸುಮಾರು 100 ಮಿಲಿಗ್ರಾಂ ಸಾಕು, ರಕ್ತಕ್ಕೆ 200. ತುಂಬಿದ ಕೊಡಕ್ಕೆ ಎಷ್ಟು ಸುರಿದರೇನು? 1000 ದಾಟಿದರೆ ಕರುಳು ಅರ್ಧವನ್ನೂ ಹೀರುವುದಿಲ್ಲ, ಹೀರಿದ್ದರಲ್ಲೂ ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ.

ಹೊತ್ತಿನ ವಿಷಯಕ್ಕೆ ಬಂದರೆ, 2013ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ನೆಗಡಿ ಇರಲಿ ಇಲ್ಲದಿರಲಿ ದಿನವೂ ತೆಗೆದುಕೊಳ್ಳುತ್ತಿದ್ದ ದೊಡ್ಡವರಲ್ಲಿ ನೆಗಡಿಯ ಅವಧಿ ಶೇಕಡಾ 8ರಷ್ಟು, ಮಕ್ಕಳಲ್ಲಿ 14ರಷ್ಟು ಇಳಿದಿತ್ತು. ಅಂದರೆ ನಿಮ್ಮ ಏಳು ದಿನದ ನೆಗಡಿಯಲ್ಲಿ ಅರ್ಧ ದಿನ ಉಳಿತಾಯ! ನೆಗಡಿ ಬರುವುದು ಮಾತ್ರ ತಪ್ಪಲಿಲ್ಲ. ಮ್ಯಾರಥಾನ್ ಓಟಗಾರರು, ವಿಪರೀತ ಚಳಿಯಲ್ಲಿ ದೇಹ ದಂಡಿಸುವ ಸೈನಿಕರು ಇಂಥವರಲ್ಲಿ ಮಾತ್ರ ನೆಗಡಿ ಬರುವ ಸಾಧ್ಯತೆ ಅರ್ಧಕ್ಕೆ ಇಳಿಯಿತು. ನಿಮ್ಮ ಹಾಗೆ ಶುರುವಾದ ಮೇಲೆ ನುಂಗಿದವರಿಗೆ ಭರವಸೆ ಇಡುವಂಥ ಲಾಭವೇನೂ ಕಾಣಲಿಲ್ಲ.

ಇನ್ನೊಂದು ಮಾತು. ದಿನಕ್ಕೆ 2000 ಮಿಲಿಗ್ರಾಂ ಅಂದರೆ ದೊಡ್ಡವರಿಗೆ ಹೇಳಿರುವ ಮಿತಿಯ ಗೆರೆಯ ಮೇಲೇ ನಿಂತಿದ್ದೀರಿ. ಅದನ್ನು ದಾಟಿದರೆ ಹೊಟ್ಟೆ ಕೆಡಬಹುದು. ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿದ್ದರೆ ಇಷ್ಟು ನುಂಗುವ ಮೊದಲು ಡಾಕ್ಟರನ್ನು ಕೇಳಲೇಬೇಕು.