ಸಮುದಾಯದ ಬಗ್ಗೆ ನಾಟಕ, ಸಮುದಾಯದೊಡನೆ ನಾಟಕ

ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಕ್ವಿಯರ್ (ಸಲಿಂಗಿ, ಲಿಂಗಾಂತರಿ ಮೊದಲಾದ ಲೈಂಗಿಕ ಅಲ್ಪಸಂಖ್ಯಾತ) ಕಲಾವಿದರು ಸಮುದಾಯದೊಡನೆ ಕೂತು ನಾಟಕ ಕಟ್ಟುತ್ತಾರೆ ಎಂದು ಓದಿದ್ದೀರಿ, ಸಮುದಾಯದ ಬಗ್ಗೆ ನಾಟಕ ಬರೆಯುವುದಕ್ಕಿಂತ ಇದು ಹೇಗೆ ಬೇರೆ ಎಂದು ಕೇಳಿದ್ದೀರಿ. ಹವ್ಯಾಸಿ ತಂಡವೊಂದರಲ್ಲಿ ಬಹಳ ಕಾಲದಿಂದ ನಿರ್ದೇಶನ ಮಾಡುತ್ತಿರುವ ನನಗೆ ತೋರುವಂತೆ, ವ್ಯತ್ಯಾಸವೆಲ್ಲ ಇರುವುದು ಪಠ್ಯ ಹುಟ್ಟುವುದಕ್ಕೆ ಮೊದಲು ಯಾರು ಯಾರ ಮಾತನ್ನು ಹೇಗೆ ಕೇಳಿಸಿಕೊಂಡರು ಎಂಬುದರಲ್ಲಿ.

ಇದರ ಬೇರು ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದಲ್ಲಿದೆ. 1963ರಲ್ಲಿ ಮಿಸಿಸಿಪ್ಪಿಯ ಟೂಗಲೂ ಕಾಲೇಜಿನಲ್ಲಿ ಡೋರಿಸ್ ಡರ್ಬಿ, ಗಿಲ್ಬರ್ಟ್ ಮೋಸೆಸ್ ಮತ್ತು ಜಾನ್ ಓನೀಲ್ ಸೇರಿ ಫ್ರೀ ಸದರ್ನ್ ಥಿಯೇಟರ್ ಆರಂಭಿಸಿದರು. ಅದು ಕ್ವಿಯರ್ ತಂಡವೇನಲ್ಲ. ಆದರೆ ಪ್ರದರ್ಶನದ ಬಳಿಕದ ಚರ್ಚೆಗಳು ಮಾತುಬಲ್ಲವರ ವಾಗ್ವಾದವಾಗಿಬಿಡುತ್ತಿದ್ದುದನ್ನು ಕಂಡು ಓನೀಲ್ ರೂಢಿಸಿದ ‘ಸ್ಟೋರಿ ಸರ್ಕಲ್’ ಇಂದಿಗೂ ಆ ಭಾಗದ ರಂಗಕರ್ಮಿಗಳ ಸಾಮಾನ್ಯ ಆಸ್ತಿ. ಎಲ್ಲರೂ ವೃತ್ತಾಕಾರವಾಗಿ ಕೂರಬೇಕು, ಒಬ್ಬೊಬ್ಬರಿಗೂ ಎರಡು ಮೂರು ನಿಮಿಷ, ಅಭಿಪ್ರಾಯ ಬೇಡ, ಕಥೆ ಬೇಕು. ಇನ್ನೊಬ್ಬರ ಕಥೆಗೆ ವಾದ ಹೂಡುವಂತಿಲ್ಲ, ಬೇಡವೆನಿಸಿದರೆ ಸರದಿ ಬಿಟ್ಟುಕೊಡಬಹುದು. ಕೇಳಲು ಸುಲಭ. ನಮ್ಮ ತಂಡದಲ್ಲಿ ಇದನ್ನು ಮೊದಲು ಪ್ರಯತ್ನಿಸಿದ ದಿನ, ಎರಡನೆಯವಳು ಕಥೆ ಮುಗಿಸುವಷ್ಟರಲ್ಲೇ ನಮ್ಮ ಹಿರಿಯ ನಟರೊಬ್ಬರು ‘ನೀನು ಹಾಗೆ ಮಾಡಬಾರದಿತ್ತಮ್ಮ’ ಎಂದುಬಿಟ್ಟರು. ಮೂರನೆಯವನು ತನ್ನ ಸರದಿ ಬಿಟ್ಟುಕೊಟ್ಟ.

ಕ್ವಿಯರ್ ಬದುಕಿನ ಮಟ್ಟಿಗೆ ಈ ಕೇಳುವ ಕೆಲಸವನ್ನು ಬಹಳ ನಿಷ್ಠೆಯಿಂದ ಮಾಡಿದವರಲ್ಲಿ ಉತ್ತರ ಕೆರೊಲಿನಾದ ವಿದ್ವಾಂಸ, ರಂಗಕಲಾವಿದ ಇ. ಪ್ಯಾಟ್ರಿಕ್ ಜಾನ್ಸನ್ ಒಬ್ಬರು. ದಕ್ಷಿಣದಲ್ಲಿ ಬೆಳೆದ, ಅಲ್ಲೇ ಉಳಿದ ಕಪ್ಪು ಸಲಿಂಗಿ ಗಂಡಸರ ಬದುಕನ್ನು ಅವರವರ ಬಾಯಿಂದಲೇ ಕೇಳಿ, 2008ರಲ್ಲಿ ‘ಸ್ವೀಟ್ ಟೀ’ ಎಂಬ ಪುಸ್ತಕವಾಗಿಸಿದರು. ಸ್ವೀಟ್ ಟೀ ಎಂದರೆ ಅಲ್ಲಿನ ಮನೆಮನೆಯ ಸಕ್ಕರೆ ಸುರಿದ ತಣ್ಣನೆಯ ಚಹಾ. ಆ ಗಂಡಸರ ಆಡುಮಾತಿನಲ್ಲಿ ‘ಟೀ’ ಎಂದರೆ ಗುಟ್ಟಿನ ಸುದ್ದಿಯೂ ಹೌದು. ಆ ಮಾತುಗಳನ್ನು ಅವರು ಏಕವ್ಯಕ್ತಿ ಪ್ರದರ್ಶನವಾಗಿ ತಾವೇ ಆಡಿ ತೋರಿಸಿದರು. ಅವುಗಳಲ್ಲಿ ಚರ್ಚಿನ ಗಾಯನವೃಂದ ಮತ್ತೆ ಮತ್ತೆ ಬರುತ್ತದೆ: ವೇದಿಕೆಯಿಂದ ಪಾದ್ರಿ ಯಾರನ್ನು ಪಾಪಿ ಎನ್ನುತ್ತಾರೋ ಆ ಹುಡುಗನೇ ಅದೇ ಭಾನುವಾರ ಹಾಡಿ ಇಡೀ ಸಭೆಯನ್ನು ಎಬ್ಬಿಸಿ ನಿಲ್ಲಿಸುತ್ತಾನೆ. ನನ್ನದೊಂದು ತಕರಾರೂ ಇದೆ. ‘ಸ್ವೀಟ್ ಟೀ’ ಪೂರ್ಣಪ್ರಮಾಣದ ನಾಟಕವಾಗಿ ಮೊದಲು ರಂಗವೇರಿದ್ದು 2010ರಲ್ಲಿ, ಉತ್ತರದ ಶಿಕಾಗೊದಲ್ಲಿ. ಕಥೆ ಕೊಟ್ಟವರಿಗೆ ರಂಗಮಂದಿರ ದೂರವಾಯಿತು.

ನಾಟಕಗಳನ್ನು ಬರೆಯುವ ಶರನ್ ಬ್ರಿಜ್‌ಫೋರ್ತ್ ಅವರದು ಇನ್ನೊಂದು ದಾರಿ. 1990ರ ದಶಕದಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ರೂಟ್ ವಿಮೆನ್ ಎಂಬ ತಂಡ ನಡೆಸಿದ ಅವರು, 1920ರ ದಶಕದ ದಕ್ಷಿಣದ ಹಳ್ಳಿಗಾಡಿನಲ್ಲಿ ಹೆಂಗಸರನ್ನು ಪ್ರೀತಿಸಿದ ಬುಲ್-ಜೀನ್ ಎಂಬ ಪಾತ್ರವನ್ನು ಸೃಷ್ಟಿಸಿದರು. ಜಾಜ್ ಸಂಗೀತದ ಜಾಡಿನಲ್ಲಿ ಸಾಗುವ ಅವರ ಪ್ರದರ್ಶನಗಳಲ್ಲಿ ಪ್ರೇಕ್ಷಕರು ಸುಮ್ಮನೆ ಕೂರುವಂತಿಲ್ಲ. ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿದು ನಡೆಸುವಂತೆ ಪ್ರೇಕ್ಷಕರೂ ದನಿಗೂಡಿಸಬೇಕಾಗುತ್ತದೆ. 2022ರಲ್ಲಿ ಬ್ರಿಜ್‌ಫೋರ್ತ್ ಅವರಿಗೆ ನಾಟಕ ವಿಭಾಗದ ವಿಂಡ್‌ಹ್ಯಾಮ್-ಕ್ಯಾಂಪ್‌ಬೆಲ್ ಪ್ರಶಸ್ತಿ ಬಂತು. ‘ಮೂನ್‌ಲೈಟ್’ ಚಿತ್ರಕ್ಕೆ ಮೂಲ ಬರಹ ಒದಗಿಸಿದ ನಾಟಕಕಾರ ಟ್ಯಾರೆಲ್ ಆಲ್ವಿನ್ ಮೆಕ್ರೇನಿ ಕೂಡ ಮಯಾಮಿಯಲ್ಲಿ ಹದಿಹರೆಯದಲ್ಲೇ, ವ್ಯಸನಮುಕ್ತಿ ಕೇಂದ್ರಗಳಿಗೆ ನಾಟಕ ಒಯ್ಯುತ್ತಿದ್ದ ತಂಡವೊಂದರಲ್ಲಿ ಪಳಗಿದವರು.

ಇಂಥ ಕೆಲಸದಲ್ಲಿ ಅಪಾಯವೂ ಉಂಟು. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೂ ಕಥೆಯ ಗುರುತು ಸಿಕ್ಕಿಬಿಡುತ್ತದೆ. ಮೇಲೆ ಹೇಳಿದ ಆ ಎರಡನೆಯವಳು, ತಾಲೀಮು ಶುರುವಾಗಿ ಮೂರು ವಾರವಾದ ಮೇಲೆ, ‘ಸರ್, ನನ್ನ ಕಥೆ ಬೇಡ’ ಎಂದಳು. ನಾಟಕದ ಅತ್ಯುತ್ತಮ ದೃಶ್ಯ ಅದೇ ಆಗಿತ್ತು. ತೆಗೆದುಹಾಕಿದೆವು. ಬರೀ ಅವಳ ಬಗ್ಗೆ ನಾಟಕ ಬರೆಯುತ್ತಿದ್ದರೆ ನಾನು ಬಹುಶಃ ಹೆಸರು ಬದಲಿಸಿ ಉಳಿಸಿಕೊಳ್ಳುತ್ತಿದ್ದೆ.